ಅಂಗಾತ ಮಲಗಿಸಿ, ಮುಖ ಬಯಲಾಗಿರಲಿ: ಬಾಣಂತಿ ಕೋಣೆಯಲ್ಲಿ ಕೂಸಿನ ನಿದ್ದೆ

ಪ್ರಶ್ನೆ: ಡಾಕ್ಟರ್ ಅವರೇ, ಶರಣು. ನಮ್ಮದು ಬಾಗಲಕೋಟೆ ಜಿಲ್ಲೆ, ಇಳಕಲ್ ಹತ್ತಿರದ ಹಳ್ಳಿ. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ಕೂಸು 36 ವಾರಕ್ಕೇ ಹುಟ್ಟಿತು. ತೂಕ 2 ಕಿಲೋ 200 ಗ್ರಾಂ. ಆಸ್ಪತ್ರೆಯಿಂದ ಮನೆಗೆ ಬಂದು ವಾರ ಆಯ್ತು. ಈಗ ಚಳಿ ಜಾಸ್ತಿ ಇದೆ. ನಾನು ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುತ್ತೇನೆ. ಕೂಸಿಗೆ ಕುಂಚಿಗೆ ಕಟ್ಟಿ, ಸಾಸಿವೆ ದಿಂಬಿನ ಮೇಲೆ ಮಗ್ಗುಲಾಗಿ ಮಲಗಿಸಿ, ಕೌದಿ ಹೊದಿಸುತ್ತೇನೆ. ಹಗಲು ಸೀರೆ ಜೋಳಿಗೆಯಲ್ಲಿ ತೂಗುತ್ತೇನೆ. ಮಗಳು ಮೊಬೈಲ್ ನೋಡಿ, ಇದು ಯಾವುದೂ ಬೇಡ, ದಿಂಬು ಹೊದಿಕೆ ಇಲ್ಲದೆ ಅಂಗಾತ ಮಲಗಿಸಬೇಕು, ಅದೂ ಬೇರೆ ಹಾಸಿಗೆಯಲ್ಲಿ ಅಂತಾಳೆ. ಅಂಗಾತ ಮಲಗಿಸಿದರೆ ಹಾಲು ಕಕ್ಕಿ ನೆತ್ತಿಗೇರಲ್ವಾ? ಇಷ್ಟು ಸಣ್ಣ ಕೂಸಿಗೆ ಥಂಡಿ ಆಗಲ್ವಾ? ನಾಲ್ಕು ಮಕ್ಕಳನ್ನು ನಾನು ಹೀಗೇ ಬೆಳೆಸಿದ್ದೇನೆ. ಇವಳು ನೋಡಿದರೆ ರಾತ್ರಿಯಿಡೀ ನಿದ್ದೆಗೆಟ್ಟು ಕೂಸಿನ ಉಸಿರು ನೋಡುತ್ತಾ ಕೂರುತ್ತಾಳೆ. ಯಾರ ಮಾತು ಸರಿ?

ಉತ್ತರ: ಅಕ್ಕಾರೇ, ಉಳಿದ ಮಾತು ಆಮೇಲೆ ಆಡೋಣ. ಮೊದಲು ಆ ಶೆಗಡಿಯನ್ನು ಕೋಣೆಯಿಂದ ಹೊರಗಿಡಿ. ನಾಳೆ ಅಲ್ಲ, ಇವತ್ತು ರಾತ್ರಿಯೇ. ನಿಮ್ಮ ಪತ್ರ ಓದುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಆದದ್ದು ಅದರ ಬಗ್ಗೆಯೇ.

ಕೆಂಡ ನಿಗಿನಿಗಿ ಆದ ಮೇಲೆ ಹೊಗೆ ಕಾಣುವುದಿಲ್ಲ. ಇನ್ನು ಭಯ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಉಸಿರಿನ ಜೊತೆ ಒಳಗೆ ಹೋದರೆ ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ಮಲಗಿದವರಿಗೆ ಕೆಮ್ಮು ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಎಚ್ಚರ ಇದ್ದವರಿಗೂ ಮೊದಮೊದಲು ಸ್ವಲ್ಪ ತಲೆನೋವು, ತಲೆ ಸುತ್ತು ಅಷ್ಟೇ. ನಿಮ್ಮ ಕೂಸು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ನಮಗಿಂತ ಬೇಗ ಬೇಗ ಗಾಳಿ ಎಳೆಯುವುದರಿಂದ ಅದರ ಮೈಗೆ ಈ ವಿಷವೂ ಬೇಗ ಏರುತ್ತದೆ.

ಹಿಂದೆ ಎಲ್ಲರೂ ಇಡುತ್ತಿದ್ದರಲ್ಲ ಅಂತ ನೀವು ಕೇಳಬಹುದು. ಹಿಂದಿನ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತಿತ್ತು, ಬಾಗಿಲಿಗೆ ಸಂದಿ ಇರುತ್ತಿತ್ತು. ಗಾಳಿ ಹೇಗೋ ಆಡುತ್ತಿತ್ತು. ಆಗಲೂ ಅದು ಪೂರಾ ಸುರಕ್ಷಿತ ಅಲ್ಲ. ಈಗಂತೂ ಆರ್‌ಸಿಸಿ ಮನೆ, ಜಾರಿಸುವ ಗಾಜಿನ ಕಿಟಕಿ. ಮೇಲಿಂದ ಬಾಣಂತಿಗೆ ಗಾಳಿ ತಾಗಬಾರದು ಅಂತ ಬಾಗಿಲ ಕೆಳಗೆ ಬಟ್ಟೆ ಬೇರೆ ತುರುಕುತ್ತೇವೆ. ಅಂಥ ಕೋಣೆಯಲ್ಲಿ ಕೆಂಡ ಇಟ್ಟರೆ ಕೂಸಿಗಷ್ಟೇ ಅಲ್ಲ, ಬಾಣಂತಿಗೂ ನಿಮಗೂ ಪ್ರಾಣಾಪಾಯ.

ಆದರೆ ಥಂಡಿಯ ಬಗ್ಗೆ ನಿಮಗಿರುವ ಚಿಂತೆ ಸುಳ್ಳಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಕಡೆ. ಬೇಗ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಚರ್ಮದ ಕೆಳಗೆ ಕೊಬ್ಬು ಕಡಿಮೆ. ಮೈ ಬೇಗ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ಹಾಲು ಚೀಪಲು ಶಕ್ತಿ ಇರುವುದಿಲ್ಲ, ತೂಕ ಏರುವುದಿಲ್ಲ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಚಳಿ ಗೊತ್ತೇ ಇದೆ. ಮಗಳು ಮೊಬೈಲ್‌ನಲ್ಲಿ ನೋಡಿದ್ದು ಹೆಚ್ಚಾಗಿ ರಾತ್ರಿಯಿಡೀ ಕೋಣೆ ಕಾಯಿಸುವ ವ್ಯವಸ್ಥೆ ಇರುವ ದೇಶಗಳ ಮನೆ, ಅಲ್ವಾ? ನಿಯಮ ಸರಿಯಾಗಿಯೇ ಇದೆ. ಅದನ್ನು ನಮ್ಮ ಮನೆಗೆ ಹೊಂದಿಸಬೇಕು ಅಷ್ಟೇ.

ಶೆಗಡಿಯ ಬದಲು ಕಾಂಗರೂ ಆರೈಕೆ ಮಾಡಿ. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿರಬಹುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ಊರಿನ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಸಾಲದೆ ಶುರುವಾದ ಪದ್ಧತಿ ಇದು. ಬೇಗ ಹುಟ್ಟಿದ ಕೂಸುಗಳಿಗೂ ಕಡಿಮೆ ತೂಕದ ಕೂಸುಗಳಿಗೂ ದಿನಕ್ಕೆ 8ರಿಂದ 24 ಗಂಟೆ ಇದನ್ನೇ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕೂಸಿಗೆ ಲಂಗೋಟಿ, ಟೊಪ್ಪಿಗೆ, ಕಾಲುಚೀಲ ಮಾತ್ರ ಇರಲಿ. ತಾಯಿಯ ಬರಿ ಎದೆಯ ಮೇಲೆ, ಎರಡು ಮೊಲೆಗಳ ನಡುವೆ ನೆಟ್ಟಗೆ ಇಟ್ಟುಕೊಳ್ಳಬೇಕು. ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು. ಗದ್ದ ಎದೆಗೆ ಒತ್ತಿರಬಾರದು. ಹೊರಗಿನಿಂದ ಮೆತ್ತನೆಯ ಸೀರೆ ಸುತ್ತಿ ಕಟ್ಟಿ, ಮೇಲೆ ಶಾಲು ಹೊದ್ದುಕೊಳ್ಳಲಿ. ಮೂಗು ಬಾಯಿ ಮಾತ್ರ ಸದಾ ಕಾಣುತ್ತಿರಬೇಕು. ಮಗಳಿಗೆ ಸುಸ್ತಾದಾಗ ನೀವೂ ಮಾಡಬಹುದು, ಅಳಿಯನೂ ಮಾಡಬಹುದು. ಅಜ್ಜಿಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಕೂಸನ್ನು ಎದೆಗೆ ಕಟ್ಟಿಕೊಂಡವರಿಗೆ ತೂಕಡಿಕೆ ಬಂದರೆ ಪಕ್ಕದಲ್ಲಿ ಇನ್ನೊಬ್ಬರು ಎಚ್ಚರ ಇರಬೇಕು. ಯಾರೂ ಇಲ್ಲದಿದ್ದರೆ ಕೂಸನ್ನು ಅದರ ಹಾಸಿಗೆಗೆ ಹಾಕಿಬಿಡಿ. ತೂಕ ಎರಡೂವರೆ ಕಿಲೋ ದಾಟುವ ತನಕ ಇದನ್ನು ಬಿಡಬೇಡಿ. ಸಾಕಾದಾಗ ಕೂಸೇ ಕೈಕಾಲು ಬಡಿದು ಹೇಳುತ್ತದೆ.

ಹಾಸಿಗೆಗೆ ಹಾಕುವಾಗ ಬಟ್ಟೆಯಿಂದಲೇ ಬೆಚ್ಚಗಿಡಿ, ಹೊದಿಕೆಯಿಂದ ಅಲ್ಲ. ನಿಮಗೆ ಎಷ್ಟು ಬಟ್ಟೆ ಬೇಕೆನಿಸುತ್ತದೋ ಅದಕ್ಕಿಂತ ಒಂದು ಪದರ ಜಾಸ್ತಿ. ಒಳಗೆ ಹತ್ತಿಯ ಜಬಲಾ, ಅದರ ಮೇಲೆ ಮೈಗೆ ಸರಿಯಾಗಿ ಕೂರುವ ಸ್ವೆಟರ್, ಕಾಲುಚೀಲ. ಕುಂಚಿಗೆ ಬೇಡ. ಗದ್ದದ ಕೆಳಗೆ ಕಟ್ಟುವ ದಾರ ಕುತ್ತಿಗೆಗೆ ಬಿಗಿಯಬಹುದು. ಕೂಸು ತಲೆ ಹೊರಳಿಸಿದರೆ ಕುಂಚಿಗೆ ಮೂಗಿನ ಮೇಲೆ ಜಾರುತ್ತದೆ. ದೊಡ್ಡ ಕೂಸುಗಳಿಗೆ ಮಲಗುವಾಗ ತಲೆಗೆ ಏನೂ ಬೇಕಿಲ್ಲ. ನಿಮ್ಮದು ಸಣ್ಣ ಕೂಸು, ಅದೂ ಚಳಿಗಾಲ. ಹಾಗಾಗಿ ಕೋಣೆ ತಣ್ಣಗಿದ್ದಾಗ ದಾರ ಇಲ್ಲದ, ತಲೆಗೆ ಸರಿಯಾಗಿ ಕೂರುವ ತೆಳು ಹತ್ತಿಯ ಟೊಪ್ಪಿಗೆ ಇರಲಿ. ಕೋಣೆ ಬೆಚ್ಚಗಾದರೆ ತೆಗೆದುಬಿಡಿ. ವಿದ್ಯುತ್ ಹೀಟರ್ ಇದ್ದರೆ ಮಲಗುವ ಮುಂಚೆ ಕೋಣೆ ಕಾಯಿಸಿಕೊಳ್ಳಿ. ಹಾಸಿಗೆಯಿಂದ ದೂರ ಇಡಿ. ಬಿಸಿನೀರಿನ ಚೀಲದಿಂದ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳಬಹುದು, ಆದರೆ ಕೂಸನ್ನು ಮಲಗಿಸುವ ಮುಂಚೆ ಆ ಚೀಲ ಹೊರಗೆ ಬರಬೇಕು. ಇಷ್ಟು ಸಣ್ಣ ಕೂಸಿಗೆ ದಿನಾ ಎರೆಯುವುದೂ ಬೇಡ. ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಈಗ ಸಾಕು.

ಥಂಡಿ ಆಗಿದೆಯೋ ಇಲ್ಲವೋ ಎಂದು ಅಂಗೈ ಅಂಗಾಲು ಮುಟ್ಟಿ ಹೇಳಲಾಗದು. ಅವು ತುಸು ತಣ್ಣಗಿರುವುದು ಸಹಜ. ಎದೆ, ಹೊಟ್ಟೆ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಾಕು. ಕತ್ತು ಬೆವರಿದ್ದರೆ, ಮುಖ ಕೆಂಪಾಗಿದ್ದರೆ ಬಟ್ಟೆ ಜಾಸ್ತಿ ಆಗಿದೆ. ಅತಿ ಸೆಕೆಯೂ ನಿದ್ದೆಯಲ್ಲಿ ಕೂಸಿಗೆ ಅಪಾಯವೇ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿಟ್ಟು ನೋಡಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಅಂಗಾತ ಮಲಗಿಸುವುದು. ಈ ಪ್ರಶ್ನೆಯನ್ನು ವಿಜಯಪುರದ ನನ್ನ ಒಪಿಡಿಯಲ್ಲಿ ಅಜ್ಜಿಯಂದಿರು ಕೇಳುತ್ತಲೇ ಇರುತ್ತಾರೆ. ಹಾಲು ಕಕ್ಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಗಂಟಲಿನ ಒಳಗಿನ ರಚನೆ ಬೇರೆ ಥರ ಇದೆ.

ಗಂಟಲಲ್ಲಿ ಎರಡು ಕೊಳವೆ ಇವೆ. ಉಸಿರಿನ ಕೊಳವೆ ಮುಂದೆ, ಅನ್ನನಾಳ ಅದರ ಹಿಂದೆ. ಕೂಸು ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ ಬರುತ್ತದೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲಾಗಿ ಮಲಗಿಸಿದಾಗ ಇದು ತಿರುವುಮುರುವು. ಮೇಲಿರುವ ಅನ್ನನಾಳದಿಂದ ಬಂದ ಹಾಲು ಕೆಳಗಿರುವ ಉಸಿರಿನ ಕೊಳವೆಯ ಬಾಯಿಗೆ ಬಂದು ನಿಲ್ಲುತ್ತದೆ. ಅಂಗಾತ ಮಲಗಿದ ಆರೋಗ್ಯವಂತ ಕೂಸು ಹಾಲು ಕಕ್ಕಿದರೆ ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಗೆ ಹಾಕುತ್ತದೆ.

ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿ ಎಂದು ದೇಶದ ತುಂಬಾ ಪ್ರಚಾರ ಮಾಡಿದರು. ಅದಕ್ಕೂ ಮುಂಚೆ ಅಲ್ಲಿಯ ಹೆಚ್ಚಿನ ತಾಯಂದಿರೂ ಬೋರಲಾಗಿಯೇ ಮಲಗಿಸುತ್ತಿದ್ದರು, ಅವರಿಗೂ ಇದೇ ಭಯ. ಮುಂದಿನ ಕೆಲವೇ ವರ್ಷಗಳಲ್ಲಿ, ಕಾರಣ ಗೊತ್ತಾಗದೆ ನಿದ್ದೆಯಲ್ಲೇ ಸಾಯುವ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಾಲು ಗಂಟಲಿಗೆ ಸಿಕ್ಕಿ ಸಾಯುವುದು ಜಾಸ್ತಿ ಆಗಲಿಲ್ಲ. ನಮ್ಮಲ್ಲಿ ಚೆನ್ನಾಗಿ ಮಲಗಿದ್ದ ಕೂಸು ಬೆಳಗ್ಗೆ ಏಳದಿದ್ದರೆ ಹಾಲು ನೆತ್ತಿಗೇರಿತು, ದೃಷ್ಟಿ ತಾಗಿತು ಅಂತ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ತಾಯಿ ಜೀವನಪೂರ್ತಿ ತನ್ನನ್ನೇ ಬೈದುಕೊಳ್ಳುತ್ತಾಳೆ. ಅದನ್ನು ನೋಡಿದ್ದರಿಂದಲೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೋರಲಾಗಿ ಮಲಗಿದ ಕೂಸಿಗೆ ಆಗುವುದೇನೆಂದರೆ, ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮೆತ್ತನೆ ಹಾಸಿಗೆ, ದಿಂಬು, ಮುಖದ ಮೇಲಿನ ಕೌದಿ, ಇವುಗಳಿಂದಲೂ ಅದೇ ಆಗುತ್ತದೆ. ಮುಸುಕು ಹಾಕಿ ಮಲಗಿದಾಗ ನಮಗೆ ಉಸಿರು ಕಟ್ಟಿದಂತಾದರೆ ಸಟ್ಟನೆ ಎಚ್ಚರವಾಗಿ ಸರಿಸುತ್ತೇವೆ. ಹೀಗೆ ಎಚ್ಚರಿಸುವ ಶಕ್ತಿ ಎಳೆಗೂಸಿನ ಮಿದುಳಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಬೇಗ ಹುಟ್ಟಿದ ಕೂಸಿನಲ್ಲಿ ಇನ್ನೂ ಕಡಿಮೆ. ಕೈಯಿಂದ ಸರಿಸಲೂ ಬರುವುದಿಲ್ಲ. ಇಂಥ ಸಾವುಗಳಲ್ಲಿ ಹತ್ತರಲ್ಲಿ ಒಂಬತ್ತು ಆರು ತಿಂಗಳ ಒಳಗೇ ಆಗುತ್ತವೆ. ಎರಡರಿಂದ ನಾಲ್ಕು ತಿಂಗಳ ನಡುವೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ಬಾಣಂತನ ಮುಗಿಯಿತು ಅಂತ ಎಚ್ಚರ ತಪ್ಪಬಾರದು.

ಮಗ್ಗುಲಾಗಿ ಮಲಗಿಸುವುದು ನಡುವಿನ ದಾರಿ ಅನ್ನಿಸುತ್ತದೆ. ಅದು ಕೂಡ ಬೇಡ. ಮಗ್ಗುಲಾದ ಕೂಸು ನಿದ್ದೆಯಲ್ಲಿ ಸುಲಭವಾಗಿ ಬೋರಲಾಗುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಹತ್ತು ಹದಿನೈದು ನಿಮಿಷ ಎತ್ತಿಕೊಂಡಿದ್ದು, ಆಮೇಲೆ ಅಂಗಾತ ಮಲಗಿಸಿ. ರಾತ್ರಿಯೂ ಹೀಗೇ, ಹಗಲೂ ಹೀಗೇ.

ತಲೆ ಚಪ್ಪಟೆ ಆಗುತ್ತದೆ ಅಂತ ಸಾಸಿವೆ ದಿಂಬು ಇಡುತ್ತೀರಿ, ಅಲ್ವಾ? ಅದನ್ನು ತೆಗೆಯಿರಿ. ದಿಂಬಿನ ಮೇಲೆ ತಲೆ ಎತ್ತರವಾದರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಹೊಲಿಗೆ ಬಿಚ್ಚಿದರೆ ಸಾಸಿವೆ ಕಾಳು ಮೂಗಿಗೂ ಹೋಗಬಹುದು. ತಲೆ ಗುಂಡಗಾಗಲು ಬೇರೆ ದಾರಿ ಇದೆ. ಇವತ್ತು ತಲೆ ಬಲಕ್ಕೆ ತಿರುಗಿಸಿ ಮಲಗಿಸಿದರೆ ನಾಳೆ ಎಡಕ್ಕೆ. ಕೂಸು ಎಚ್ಚರ ಇದ್ದಾಗ, ನೀವು ಕಣ್ಣೆದುರು ಇದ್ದಾಗ, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಬೋರಲು ಹಾಕಿ. ಎಣ್ಣೆ ತಿಕ್ಕುವ ಹೊತ್ತೇ ಅದಕ್ಕೆ ಸರಿಯಾದ ಸಮಯ. ಕುತ್ತಿಗೆಗೂ ಬಲ ಬರುತ್ತದೆ.

ಕೌದಿಯನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಹಳೆ ಇಳಕಲ್ ಸೀರೆಗಳನ್ನು ಪದರ ಪದರ ಹಾಕಿ ಕೈಯಲ್ಲಿ ಹೊಲಿದ ಕೌದಿ ಕೂಸಿಗೆ ಒಳ್ಳೆಯ ಹಾಸಿಗೆ. ಅಂಗಡಿಯಲ್ಲಿ ಸೊಳ್ಳೆ ಪರದೆ, ಪುಟ್ಟ ದಿಂಬುಗಳ ಸಮೇತ ಸಿಗುವ ಮೆತ್ತನೆಯ ಬೇಬಿ ಹಾಸಿಗೆಗಿಂತ ನಾನು ಇದನ್ನೇ ಇಷ್ಟಪಡುತ್ತೇನೆ. ಅಂಗೈಯಿಂದ ಒತ್ತಿ ಕೈ ತೆಗೆದರೆ ತಗ್ಗು ಉಳಿಯಬಾರದು. ಹಾಗಿದ್ದರೆ ಹಾಸಿಗೆ ಸರಿ. ಕೌದಿಯನ್ನು ಮಡಚಿ, ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸಿ, ಅಂಚು ಕೆಳಗೆ ಸೇರಿಸಿ. ಕೌದಿ ಕೆಳಗಿರಲಿ, ಮೇಲೆ ಬೇಡ. ಬಟ್ಟೆ ಸಾಲದೆ ಹೊದಿಸಲೇಬೇಕಾದರೆ ತೆಳುವಾದ ಹತ್ತಿ ಬಟ್ಟೆಯನ್ನು ಎದೆಯ ತನಕ ಮಾತ್ರ ಹೊದಿಸಿ, ಕೈ ಎರಡೂ ಹೊರಗಿಟ್ಟು, ಅಂಚುಗಳನ್ನು ಹಾಸಿಗೆಯ ಕೆಳಗೆ ಗಟ್ಟಿಯಾಗಿ ಸೇರಿಸಿ.

ಎಲ್ಲಿ ಮಲಗಿಸಬೇಕು? ತಾಯಿಯ ಕೋಣೆಯಲ್ಲೇ, ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲೇ. ಕನಿಷ್ಠ ಆರು ತಿಂಗಳು. ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸುವ ಮಾತೇ ಬೇಡ. ಆದರೆ ಹಾಸಿಗೆ ಬೇರೆ ಇರಲಿ. ಅದರಲ್ಲಿ ಮಗಳು ಹೇಳಿದ್ದು ಸರಿ. ಸುಮ್ನೆ ಪಾಶ್ಚಾತ್ಯರ ಪದ್ಧತಿ ಅಂತ ತಳ್ಳಿಹಾಕಬೇಡಿ. 37 ವಾರಕ್ಕೆ ಮುಂಚೆ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ದೊಡ್ಡವರ ಹಾಸಿಗೆಯಲ್ಲಿ ಮಲಗುವುದು ಬೇರೆ ಕೂಸುಗಳಿಗಿಂತ ಹೆಚ್ಚು ಅಪಾಯ. ಅದರಲ್ಲೂ ನುಲಿಯ ಹೊರಸು ನಡುವೆ ಇಳಿದಿರುತ್ತದೆ. ಕೂಸು ಉರುಳಿ ತಾಯಿಯ ಮೈಗೆ ಮುಖ ಒತ್ತಿಕೊಂಡುಬಿಡುತ್ತದೆ.

ನಿಮ್ಮಲ್ಲಿ ಕಟ್ಟಿಗೆಯ ತೊಟ್ಟಿಲು ಇದ್ದರೆ ಹೆಸರಿಡುವ ದಿನಕ್ಕೆ ಮಾತ್ರ ಅಂತ ಎತ್ತಿಡಬೇಡಿ. ತಳ ಸಪಾಟಾದ ಹಲಗೆ ಆಗಿರಬೇಕು. ಸುತ್ತಲಿನ ಸಳಿಗಳ ನಡುವೆ ಆರು ಸೆಂಟಿಮೀಟರಿಗಿಂತ ಜಾಸ್ತಿ ಸಂದಿ ಇರಬಾರದು. ಇದ್ದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಇಳಿಬಿಟ್ಟ ಗಿಲಕಿ, ದಾರ ಎಲ್ಲ ತೆಗೆಯಿರಿ. ರಾತ್ರಿ ತೂಗದಂತೆ ಗಟ್ಟಿಯಾಗಿ ನಿಲ್ಲಿಸಿ ಹೊರಸಿನ ಪಕ್ಕಕ್ಕೆ ಇಡಿ. ಇರುವೆ, ಚೇಳಿನ ಕಾಟ ಇರುವ ಮನೆಯಲ್ಲಿ ನೆಲಕ್ಕಿಂತ ತೊಟ್ಟಿಲೇ ಮೇಲು. ತೊಟ್ಟಿಲು ಇಲ್ಲದಿದ್ದರೆ ಮಗಳೂ ಹೊರಸು ಬಿಟ್ಟು ಕೆಳಗೆ ಹಾಸಿಗೆ ಹಾಕಿಕೊಳ್ಳಲಿ. ಪಕ್ಕದಲ್ಲಿ ಸ್ವಲ್ಪ ಅಂತರ ಬಿಟ್ಟು ಚಾಪೆಯ ಮೇಲೆ ಕೂಸಿನ ಕೌದಿ ಹಾಸಿ. ಮಲಗಿಕೊಂಡು ಹಾಲು ಕುಡಿಸುತ್ತಾ ಅವಳಿಗೆ ನಿದ್ದೆ ಹತ್ತಿದರೆ ಗಾಬರಿ ಬೇಡ. ಎಚ್ಚರವಾದ ಕೂಡಲೇ ಕೂಸನ್ನು ಅದರ ಜಾಗಕ್ಕೆ ಹಾಕಲಿ. ಹಾಗೆ ಆಗಬಹುದು ಅಂತ ಮೊದಲೇ ತಿಳಿದು ದಿಂಬು, ಹೊದಿಕೆ ದೂರ ಇಟ್ಟಿರಿ. ಗಂಡ ಹೆಂಡತಿಯ ನಡುವೆ, ಬೇರೆ ಮಕ್ಕಳ ಪಕ್ಕ, ಕುಡಿದು ಬಂದವರ ಪಕ್ಕ ಕೂಸು ಮಲಗಬಾರದು. ಸೋಫಾದಲ್ಲಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ತೂಕಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅಳಿಯನಿಗೂ ಇದನ್ನು ಹೇಳಿ.

ಸೀರೆ ಜೋಳಿಗೆಯ ಬಗ್ಗೆ ನಾನು ಕಟ್ಟುನಿಟ್ಟು. ಅದರಲ್ಲಿ ಕೂಸಿನ ಬೆನ್ನು ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ. ಬಟ್ಟೆ ಎರಡೂ ಕಡೆಯಿಂದ ಮುಖಕ್ಕೆ ಮುಚ್ಚಿಕೊಳ್ಳುತ್ತದೆ. ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದ ಕಾಣುವುದೇ ಇಲ್ಲ. ಇಷ್ಟು ಸಣ್ಣ ಕೂಸಿಗೆ ಈಗ ಜೋಳಿಗೆ ಬೇಡವೇ ಬೇಡ. ಅತ್ತರೆ ಎದೆಗೆ ಹಾಕಿಕೊಂಡು ಜೋಗುಳ ಹಾಡಿ ತಿರುಗಾಡಿ. ನಿದ್ದೆ ಹತ್ತಿದ ಮೇಲೆ ಸಪಾಟಾದ ಹಾಸಿಗೆಗೆ ಹಾಕಿ. ಬಟ್ಟೆಯಲ್ಲಿ ಸುತ್ತಿದರೆ ಸಮಾಧಾನವಾಗುತ್ತದೆ ಅಂದರೆ ಸುತ್ತಿ. ಸೊಂಟ, ತೊಡೆಯ ಹತ್ತಿರ ಸಡಿಲ ಇರಲಿ, ಇಲ್ಲದಿದ್ದರೆ ಸೊಂಟದ ಕೀಲು ತಪ್ಪಬಹುದು. ಕೂಸು ಹೊರಳಲು ನೋಡುವ ವಯಸ್ಸಿಗೆ ಸುತ್ತುವುದನ್ನು ನಿಲ್ಲಿಸಬೇಕು.

ಎರೆದ ಮೇಲೆ ಲೋಬಾನದ ಹೊಗೆ ಹಾಕುವುದು, ಕೋಣೆಯಲ್ಲಿ ಸೊಳ್ಳೆ ಕಾಯಿಲ್ ಹಚ್ಚುವುದು, ಬೀಡಿ ಸಿಗರೇಟು, ಇವೆಲ್ಲ ಕೂಸಿನ ಉಸಿರಿಗೆ ಹಾಳು. ಸೊಳ್ಳೆಗೆ ಪರದೆಯೇ ಸಾಕು. ಅದು ಮುಖದ ಮೇಲೆ ಬೀಳದಂತೆ ಬಿಗಿಯಾಗಿ ಕಟ್ಟಿ. ನಿದ್ದೆ ಬರಲಿ ಎಂದು ಜಾಯಿಕಾಯಿ ತೇಯ್ದು ನೆಕ್ಕಿಸುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಅಮಲು ಬರಿಸುವ ಯಾವ ವಸ್ತುವೂ ಉಸಿರು ಕಟ್ಟಿದಾಗ ಎಚ್ಚರವಾಗುವ ಶಕ್ತಿಯನ್ನು ಕುಗ್ಗಿಸುತ್ತದೆ. ಎದೆಹಾಲು ಒಂದೇ ಸಾಕು. ಎರಡು ತಿಂಗಳಾದರೂ ಎದೆಹಾಲು ಕುಡಿದ ಕೂಸುಗಳಲ್ಲಿ ನಿದ್ದೆಯ ಈ ಸಾವಿನ ಅಪಾಯ ಸುಮಾರು ಅರ್ಧ ಕಡಿಮೆ ಎಂದು ಕಂಡುಬಂದಿದೆ.

ಕೊರಳಿನ ಕರಿದಾರ, ತಾಯತ ತೆಗೆಯಿರಿ. ಬೇಕೇ ಬೇಕೆಂದರೆ ಸೊಂಟಕ್ಕೆ ಸಡಿಲವಾಗಿ ಕಟ್ಟಿ. ತಲೆದೆಸೆಯಲ್ಲಿ ಕುಡಗೋಲು ಇಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಹಾಸಿಗೆಯಲ್ಲಿ ಬೇಡ, ಬಾಗಿಲ ಹತ್ತಿರ ಇಡಿ.

ಬೇಸಿಗೆಗೆ ಕೂಸು ಇನ್ನೂ ನಿಮ್ಮಲ್ಲೇ ಇದ್ದರೆ ಇದೇ ಲೆಕ್ಕ ತಿರುಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಒಂದೇ ಹತ್ತಿ ಜಬಲಾ ಸಾಕು. ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಕೂಲರ್ ಗಾಳಿ ನೇರವಾಗಿ ಮುಖಕ್ಕೆ ಹೊಡೆಯದಿದ್ದರೆ ಸಾಕು.

ಈಗ ಮಗಳ ನಿದ್ದೆಯ ವಿಷಯ. ಅವಳು ಉಸಿರು ನೋಡುತ್ತಾ ಕೂರಲು ಕಾರಣ ಇದೆ. ಎಳೆಗೂಸು ನಿದ್ದೆಯಲ್ಲಿ ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಹತ್ತು ಸೆಕೆಂಡಿನ ಒಳಗಿನ ಇಂಥ ನಿಲುಗಡೆ, ಮೈಬಣ್ಣ ಬದಲಾಗದೆ ಇದ್ದರೆ, ಸಹಜ. ನಿದ್ದೆಯಲ್ಲಿ ನಗುವುದು, ಮುಲುಗುವುದು, ಕೈಕಾಲು ಆಡಿಸುವುದೂ ಸಹಜ. ಉಸಿರು 20 ಸೆಕೆಂಡು ನಿಂತರೆ, ತುಟಿ ನೀಲಿಯಾದರೆ, ಉಸಿರು ಎಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋದರೆ, ಸುಮ್ಮನಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ ಬಂದರೆ, ಎದೆಗೆ ಕಟ್ಟಿಕೊಂಡು ಒಂದು ಗಂಟೆಯಾದರೂ ಮೈ ಬೆಚ್ಚಗಾಗದಿದ್ದರೆ, ತಡ ಮಾಡದೆ 108ಕ್ಕೆ ಫೋನ್ ಮಾಡಿ. ದಾರಿಯುದ್ದಕ್ಕೂ ಕೂಸು ಯಾರದಾದರೂ ಎದೆಗೆ ಅಂಟಿಕೊಂಡೇ ಇರಲಿ.

ನಿದ್ದೆಗೆಟ್ಟ ಬಾಣಂತಿಯೇ ಒಂದು ಅಪಾಯ. ಅವಳು ಕೂತಲ್ಲೇ ಕೂಸಿನ ಮೇಲೆ ಒರಗಿಬಿಡಬಹುದು. ರಾತ್ರಿ ಒಮ್ಮೆ ಹಾಲು ಕುಡಿಸಿದ ಮೇಲೆ ಕೂಸನ್ನು ನೀವು ತೆಗೆದುಕೊಂಡು, ಮುಂದಿನ ಹಾಲಿನ ಹೊತ್ತಿನ ತನಕ ಅವಳನ್ನು ಮಲಗಿಸಿ. ನಾಲ್ಕು ಮಕ್ಕಳನ್ನು ಬೆಳೆಸಿದ ಕೈ ನಿಮ್ಮದು. ಈಗ ಅವಳಿಗೆ ಬೇಕಾಗಿರುವುದು ಆ ಧೈರ್ಯ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ತೂಕ, ಉಷ್ಣಾಂಶ ಎರಡನ್ನೂ ನೋಡಿಸಿ ತಾಯಿ ಕಾರ್ಡ್‌ನಲ್ಲಿ ಬರೆಸಿ. ಮಲಗಿಸುವ ಜಾಗವನ್ನೂ ತೋರಿಸಿ. ಎರಡು ವಾರ ಕಳೆದ ಮೇಲೂ ದಿನಕ್ಕೆ 20 ಗ್ರಾಂ ಹತ್ತಿರವಾದರೂ ತೂಕ ಏರುತ್ತಿಲ್ಲ ಎಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಶೆಗಡಿ ಹೊರಗೆ ಹೋಯಿತು ಅಂತ ಒಂದು ಸಾಲು ನನಗೆ ಬರೆಯಿರಿ, ಅಕ್ಕಾರೇ.